ಆಲ್ಪ್ಸ್‌ಗೆ ಮೊದಲ ಸೈಕಲ್ ಪ್ರವಾಸ: ಹತ್ತುವ ಕಾಲಿಗಿಂತ ಇಳಿಯುವ ಕೈ ಮುಖ್ಯ

ಹೋದ ಸಂಚಿಕೆಯಲ್ಲಿ ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಗಡಿಯಲ್ಲಿರುವ ಪೋರ್ತ್ ದ್ಯು ಸೊಲೇಲ್ ಬೆಟ್ಟಗಳ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅಲ್ಲಿ ಫ್ರಾನ್ಸ್ ಕಡೆಯ ಮೊರ್ಜೀನ್, ಲೆ ಜೆ ಚಳಿಗಾಲದಲ್ಲಿ ಹಿಮದ ಮೇಲೆ ಜಾರುವವರ ಊರುಗಳು, ಬೇಸಿಗೆಯಲ್ಲಿ ಅದೇ ಲಿಫ್ಟ್‌ಗಳು ಮೌಂಟನ್ ಬೈಕ್‌ಗಳನ್ನು ಮೇಲಕ್ಕೆ ಒಯ್ಯುತ್ತವೆ. ಅದನ್ನು ಓದಿ ಪ್ರಶ್ನೆ ಕಳಿಸಿದವರಲ್ಲಿ ಮೊದಲ ಸಲ ಹೊರಟವರೇ ಜಾಸ್ತಿ. ಹಾಗಾಗಿ ಈ ಸಲ ಪೂರ್ತಿ ಅವರಿಗೇ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಮುಂದಿನ ಜುಲೈನಲ್ಲಿ ಒಂದು ವಾರ ಮೊರ್ಜೀನ್‌ಗೆ ಹೋಗುತ್ತಿದ್ದೇವೆ. ವಾರಕ್ಕೆ ಮೂರು ಸಲ ಚಾಮುಂಡಿ ಬೆಟ್ಟ ಹತ್ತುತ್ತೇವೆ. ಈ ತಯಾರಿ ಸಾಕಾ? (ಮೈಸೂರು)

ಉತ್ತರ: ಕಾಲಿಗೆ ಸಾಕು, ಕೈಗೆ ಸಾಲದು. ನಮ್ಮ ಕಡೆಯವರು ವರ್ಷವಿಡೀ ಹತ್ತುವುದನ್ನೇ ಅಭ್ಯಾಸ ಮಾಡುತ್ತಾರೆ, ಅಲ್ಲಿ ಹೋದ ಮೇಲೆ ನೋಡಿದರೆ ಹತ್ತುವ ಕೆಲಸ ಲಿಫ್ಟ್‌ನದು. ಸೈಕಲ್ಲನ್ನು ಕೊಕ್ಕೆಗೆ ಸಿಕ್ಕಿಸಿ, ಕುರ್ಚಿಯಲ್ಲಿ ಕೂತರೆ ಆಯಿತು. ನಿಮ್ಮ ಕೆಲಸ ಶುರುವಾಗುವುದು ಮೇಲೆ ಇಳಿದ ಮೇಲೆ.

ಲೆಕ್ಕ ಹಾಕಿ ನೋಡಿ. ಮೊರ್ಜೀನ್ ಊರು ಇರುವುದು ಸುಮಾರು 1,000 ಮೀಟರ್ ಎತ್ತರದಲ್ಲಿ. ಊರಿನ ನಡುವಿನಿಂದಲೇ ಹೊರಡುವ ಪ್ಲೆನೆ ಲಿಫ್ಟ್ ನಿಮ್ಮನ್ನು ಸುಮಾರು 500 ಮೀಟರ್ ಮೇಲಕ್ಕೆ ಬಿಡುತ್ತದೆ. ಒಂದು ದಿನದಲ್ಲಿ ಹತ್ತು ಸಲ ಇಳಿಯುವುದು ಅಲ್ಲಿ ದೊಡ್ಡ ಮಾತಲ್ಲ, ಅಂದರೆ 5,000 ಮೀಟರ್ ಇಳಿತ. ಚಾಮುಂಡಿ ಬೆಟ್ಟ ಬುಡದಿಂದ ಸುಮಾರು 300 ಮೀಟರ್ ಏರುತ್ತದೆ ಅಂದುಕೊಂಡರೆ, ಅದನ್ನು ಒಂದೇ ದಿನ ಹದಿನೈದು ಸಲಕ್ಕಿಂತ ಜಾಸ್ತಿ ಇಳಿದ ಹಾಗೆ. ಅದೂ ಡಾಂಬರಿನ ಮೇಲಲ್ಲ, ಕಲ್ಲು, ಬೇರು, ಮತ್ತೆ ಸಾವಿರಾರು ಜನ ಬ್ರೇಕ್ ಹಾಕಿ ಹಾಕಿ ಅಲೆ ಅಲೆಯಾಗಿ ಎದ್ದ ಮಣ್ಣಿನ ಮೇಲೆ. ಈ ಅಲೆಗಳಿಗೆ ಬ್ರೇಕಿಂಗ್ ಬಂಪ್ಸ್ ಅನ್ನುತ್ತಾರೆ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಮುಂಗೈ ಕಲ್ಲಿನ ಹಾಗೆ ಬಿಗಿಯುತ್ತದೆ, ಬೆರಳು ಬ್ರೇಕ್ ಒತ್ತಲು ಒಪ್ಪುವುದಿಲ್ಲ. ಬಹಳ ಜನ ಬೀಳುವುದು ಆಗಲೇ.

ಹಾಗಾಗಿ ಕೈಗೆ ಕೆಲಸ ಕೊಡಿ. ಕನಿಷ್ಠ ಮೂರು ತಿಂಗಳು ಮೊದಲೇ. ಜಿಮ್ ಇಲ್ಲದಿದ್ದರೂ ಚಿಂತೆಯಿಲ್ಲ, ಎರಡು ಕೈಯಲ್ಲಿ ತುಂಬಿದ ಎರಡು ಬಕೆಟ್ ಹಿಡಿದು ತಾರಸಿಯ ಮೇಲೆ ನಡೆಯಿರಿ, ಸಾಕು ಅನ್ನಿಸಿದ ಮೇಲೆ ಇನ್ನೊಂದು ಸುತ್ತು. ಕಂಬಿ ಹಿಡಿದು ನೇತಾಡಿ. ದಂಡ, ಬಸ್ಕಿ ಹೊಡೆಯಿರಿ. ಆಮೇಲೆ, ಇದು ಎಲ್ಲಕ್ಕಿಂತ ಮುಖ್ಯ, ಇಳಿಯುವಾಗ ಸೀಟಿನ ಮೇಲೆ ಕೂರುವ ಅಭ್ಯಾಸ ಬಿಡಿ. ಪೆಡಲ್ ಎರಡೂ ಸಮ, ಹಿಮ್ಮಡಿ ಕೆಳಗೆ, ಮೊಣಕೈ ಹೊರಗೆ, ಕಣ್ಣು ಮುಂದಿನ ಚಕ್ರದ ಮೇಲಲ್ಲ, ಹತ್ತು ಹದಿನೈದು ಮೀಟರ್ ಆಚೆ. ನಿಂತೇ ಹತ್ತು ನಿಮಿಷ ಇಳಿಯಲು ಆಗುತ್ತದಾ ನೋಡಿ. ಮೊದಲ ಸಲ ತೊಡೆ ನಡುಗದೇ ಇದ್ದರೆ ನನಗೆ ಪತ್ರ ಬರೆಯಿರಿ.

ಬ್ರೇಕ್‌ಗೆ ಒಂದೇ ಬೆರಳು, ತೋರುಬೆರಳು. ಉಳಿದ ನಾಲ್ಕೂ ಹ್ಯಾಂಡಲ್ ಹಿಡಿದಿರಬೇಕು. ಅದಕ್ಕೆ ಬ್ರೇಕ್ ಲಿವರನ್ನು ಸ್ವಲ್ಪ ಒಳಕ್ಕೆ ಸರಿಸಿ, ಬೆರಳು ಲಿವರಿನ ತುದಿಗೆ ಸಿಗುವ ಹಾಗೆ ಮಾಡಿಕೊಳ್ಳಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಬ್ರೇಕ್ ಹಾಕಿ ವೇಗ ಇಳಿಸಿ, ತಿರುವಿನೊಳಗೆ ಬಿಟ್ಟುಬಿಡಿ. ಇಡೀ ಇಳಿಜಾರನ್ನು ಬ್ರೇಕ್ ಅರ್ಧ ಒತ್ತಿಕೊಂಡೇ ಇಳಿದರೆ ಡಿಸ್ಕ್ ಕಾಯುತ್ತದೆ, ಬ್ರೇಕ್ ಸೊರಗುತ್ತದೆ, ಕೈಯೂ ಸೊರಗುತ್ತದೆ. ಖಾಲಿ ಮೈದಾನದಲ್ಲಿ ನಾಲ್ಕು ಬಾಟಲಿ ಇಟ್ಟು ಅದರ ಸುತ್ತ ತಿರುಗಿ ತಿರುಗಿ ಇದನ್ನು ಕಲಿಯಬಹುದು, ಅದಕ್ಕೆ ಬೆಟ್ಟವೇ ಬೇಕಿಲ್ಲ.

ಇನ್ನೊಂದು ಮಾತು ನಾಲ್ವರಿಗೂ. ಏಳು ದಿನಕ್ಕೆ ದುಡ್ಡು ಕೊಟ್ಟಿದ್ದೇವೆ ಅಂತ ಏಳು ದಿನವೂ ಓಡಿಸಲು ಹೋಗಬೇಡಿ. ಮೊದಲ ದಿನ ಅರ್ಧ ದಿನ ಸಾಕು. ನಾಲ್ಕನೇ ದಿನ ಪೂರ್ತಿ ವಿಶ್ರಾಂತಿ. ಸಂಜೆ ಯಾರಾದರೂ 'ಇದೊಂದು ಕೊನೇ ಸಲ' ಅಂದರೆ ಆ ಕೊನೇ ಸಲವನ್ನು ಬಿಟ್ಟುಬಿಡಿ, ಗೆಳೆಯರ ಗುಂಪಿನಲ್ಲಿ ಇದನ್ನು ಮೊದಲೇ ಮಾತಾಡಿಕೊಂಡಿರಿ.

ಪ್ರಶ್ನೆ: ನನ್ನ ಹತ್ತಿರ 120 ಮಿ.ಮೀ. ಮುಂದಿನ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಇದೆ. ವಿಮಾನದಲ್ಲಿ ಇದನ್ನೇ ಒಯ್ಯಲೋ, ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಲೋ? (ಬೆಂಗಳೂರು)

ಉತ್ತರ: ಮೊದಲ ಸಲ ಬಾಡಿಗೆ. ನಿಮ್ಮ ಸೈಕಲ್ ಕೆಟ್ಟದ್ದು ಅಂತಲ್ಲ, ಅದರಲ್ಲೂ ಇಳಿಯಬಹುದು. ಆದರೆ ಹಿಂದೆ ಸಸ್ಪೆನ್ಷನ್ ಇಲ್ಲದ ಸೈಕಲ್‌ನಲ್ಲಿ ಆ ಬಂಪ್‌ಗಳ ಮೇಲೆ ದಿನಕ್ಕೆ 5,000 ಮೀಟರ್ ಇಳಿದರೆ ಮೂರನೇ ದಿನಕ್ಕೆ ಸೊಂಟ, ಕಾಲು ಎರಡೂ ಕೈಕೊಡುತ್ತವೆ. ಮೊರ್ಜೀನ್, ಲೆ ಜೆ ಊರುಗಳ ಅಂಗಡಿಗಳಲ್ಲಿ 160 ಮಿ.ಮೀ. ಆಸುಪಾಸಿನ ಸಸ್ಪೆನ್ಷನ್ ಇರುವ, ಹತ್ತಲೂ ಇಳಿಯಲೂ ಆಗುವ ಎಂಡ್ಯೂರೋ ಬೈಕ್, 200 ಮಿ.ಮೀ. ಇರುವ, ಇಳಿಯಲಿಕ್ಕೆಂದೇ ಮಾಡಿದ ಡೌನ್‌ಹಿಲ್ ಬೈಕ್ ಎರಡೂ ಸಿಗುತ್ತವೆ. ನೀವು ಎಂಡ್ಯೂರೋ ತೆಗೆದುಕೊಳ್ಳಿ. ಸ್ವಲ್ಪ ಪೆಡಲ್ ತುಳಿಯಬೇಕಾದ ಜಾಗ ಬಂದೇ ಬರುತ್ತದೆ, ಡೌನ್‌ಹಿಲ್ ಬೈಕ್ ಅಲ್ಲಿ ಬರೀ ಭಾರ. ಜುಲೈ, ಆಗಸ್ಟ್‌ನಲ್ಲಿ ಸೈಜ್ ಖಾಲಿಯಾಗುತ್ತದೆ, ಮೊದಲೇ ಬುಕ್ ಮಾಡಿ. ನಿಮ್ಮ ತೂಕ ಹೇಳಿ ಸಸ್ಪೆನ್ಷನ್ ಸೆಟ್ ಮಾಡಿಸಿಕೊಳ್ಳಿ. ಸಾಮಾನು ಹಾಕಿಕೊಂಡು ಸೈಕಲ್ ಮೇಲೆ ನಿಂತಾಗ ಸಸ್ಪೆನ್ಷನ್ ತನ್ನ ಒಟ್ಟು ಚಲನೆಯಲ್ಲಿ 25ರಿಂದ 30 ಶೇಕಡಾ ಕುಗ್ಗಬೇಕು, ಅಷ್ಟು ನೆನಪಿಟ್ಟರೆ ಸಾಕು.

ಈಗ ನಾನು ಹೇಳಲೇಬೇಕಾದ ವಿಷಯ. ನಮ್ಮ ದೇಶದಲ್ಲಿ ಬಲಗೈ ಲಿವರ್ ಮುಂದಿನ ಬ್ರೇಕ್, ಎಡಗೈ ಹಿಂದಿನದು. ಯುರೋಪಿನಲ್ಲಿ ಉಲ್ಟಾ. ನನಗೆ ಇದು ಗೊತ್ತಿತ್ತು, ಗೊತ್ತಿದ್ದರೂ ಮೊದಲ ದಿನ ಮೊದಲ ಗಂಟೆಯಲ್ಲೇ, ಒಂದು ಸಣ್ಣ ಇಳಿಜಾರಿನಲ್ಲಿ ಗಾಬರಿಯಾಗಿ ಹಿಂದಿನ ಬ್ರೇಕ್ ಅಂದುಕೊಂಡು ಎಡಗೈಯನ್ನು ಗಟ್ಟಿಯಾಗಿ ಎಳೆದೆ. ಮುಂದಿನ ಚಕ್ರ ನಿಂತಿತು, ನಾನು ಹ್ಯಾಂಡಲ್ ಮೇಲಿಂದ ಆಚೆ ಹೋದೆ. ಮಣಿಕಟ್ಟು ಉಳುಕಿ ಎರಡು ದಿನ ಕೋಣೆಯಲ್ಲೇ ಕೂತು ಕಿಟಕಿಯಿಂದ ಲಿಫ್ಟ್ ನೋಡಿದೆ. ವರ್ಷಗಟ್ಟಲೆ ಬೆರಳಿಗೆ ಆದ ರೂಢಿ ಗಾಬರಿಯಲ್ಲಿ ತಲೆಯ ಮಾತು ಕೇಳುವುದಿಲ್ಲ. ಆದ್ದರಿಂದ ಬುಕ್ ಮಾಡುವಾಗಲೇ 'ಬಲಗೈಗೆ ಮುಂದಿನ ಬ್ರೇಕ್ ಬೇಕು' ಅಂತ ಬರೆದು ಕೇಳಿ. ಮೊರ್ಜೀನ್‌ಗೆ ಬ್ರಿಟನ್ನಿನವರು ಬಹಳ ಬರುತ್ತಾರೆ, ಅವರ ಬ್ರೇಕ್ ನಮ್ಮ ಥರವೇ, ಹಾಗಾಗಿ ಅಂಗಡಿಯವರಿಗೆ ಇದು ಹೊಸ ಮಾತಲ್ಲ. ಬದಲಾಯಿಸಲು ಆಗುವುದಿಲ್ಲ ಅಂದರೆ, ಹೊರಡುವ ಒಂದು ತಿಂಗಳು ಮೊದಲು ನಿಮ್ಮ ಸೈಕಲ್‌ನ ಬ್ರೇಕ್‌ಗಳನ್ನೇ ಊರಲ್ಲಿ ಅದಲು ಬದಲು ಮಾಡಿಸಿ ಅದರಲ್ಲೇ ಓಡಾಡಿ.

ಹೆಲ್ಮೆಟ್, ಮೊಣಕಾಲಿನ ಗಾರ್ಡ್, ಗ್ಲೌಸ್, ಶೂ, ನಿಮ್ಮ ಕಾಲಿಗೆ ಒಗ್ಗಿದ ಪೆಡಲ್, ಇಷ್ಟು ಮಾತ್ರ ನಿಮ್ಮದೇ ಇರಲಿ. ಹೆಲ್ಮೆಟ್ ಅಂದರೆ ಗಲ್ಲ ಮುಚ್ಚುವ ಫುಲ್ ಫೇಸ್. ಬಾಡಿಗೆ ಹೆಲ್ಮೆಟ್ ಹಿಂದೆ ಎಷ್ಟು ಸಲ ಬಿದ್ದಿದೆಯೋ ಯಾರಿಗೂ ತಿಳಿಯುವುದಿಲ್ಲ.

ಇಷ್ಟೆಲ್ಲ ಕೇಳಿಯೂ ಸ್ವಂತ ಸೈಕಲ್ಲೇ ಬೇಕು ಅನ್ನಿಸಿದರೆ (ಆ ಆಸೆಯೂ ನನಗೆ ಅರ್ಥವಾಗುತ್ತದೆ), ಸೈಕಲ್ ಅಂಗಡಿಯಲ್ಲಿ ಹೊಸ ಸೈಕಲ್ ಬಂದ ರಟ್ಟಿನ ಡಬ್ಬ ಕೇಳಿ ತನ್ನಿ. ಪೆಡಲ್ ಬಿಚ್ಚುವಾಗ ಎಡಗಡೆಯದು ಉಲ್ಟಾ ತಿರುಗುತ್ತದೆ, ಬಲವಂತ ಮಾಡಬೇಡಿ. ಚಕ್ರ ತೆಗೆದ ಮೇಲೆ ಬ್ರೇಕ್ ಪ್ಯಾಡ್‌ಗಳ ನಡುವೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ, ಇಲ್ಲದಿದ್ದರೆ ದಾರಿಯಲ್ಲಿ ಯಾರಾದರೂ ಲಿವರ್ ಒತ್ತಿದರೆ ಪಿಸ್ಟನ್ ಹೊರಬಂದು ಡಿಸ್ಕ್ ಒಳಗೆ ಹೋಗುವುದೇ ಇಲ್ಲ. ಗೇರ್ ಬದಲಿಸುವ ಡಿರೇಲರನ್ನು ಫ್ರೇಮ್‌ಗೆ ಹಿಡಿದಿಡುವ ಡಿರೇಲರ್ ಹ್ಯಾಂಗರ್, ನಿಮ್ಮ ಮಾಡೆಲ್‌ನದು, ಒಂದು ಹೆಚ್ಚಿಗೆ ಇಟ್ಟುಕೊಳ್ಳಿ, ಆ ಸಣ್ಣ ತುಂಡು ಮುರಿದರೆ ಇಡೀ ಪ್ರವಾಸ ನಿಲ್ಲುತ್ತದೆ, ಮತ್ತೆ ನಿಮ್ಮ ಮಾಡೆಲ್‌ಗೆ ಸರಿಹೊಂದುವುದು ಅಲ್ಲಿ ಸಿಗುತ್ತದೆ ಅನ್ನುವ ಖಾತ್ರಿಯಿಲ್ಲ. ಬ್ರೇಕ್ ಪ್ಯಾಡ್ ಎರಡು ಜೊತೆ, ಲೋಹದ ಪುಡಿ ಬೆರೆಸಿದ ಸಿಂಟರ್ಡ್ ಪ್ಯಾಡ್ ಆದರೆ ಉದ್ದ ಇಳಿಜಾರಿನ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ. ದುಬಾರಿ ಸೈಕಲ್ ಆಗಿದ್ದರೆ ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ವಾಪಸ್ ಬರುವಾಗ ಇದು ಹೊರಗೆ ಕೊಂಡದ್ದಲ್ಲ ಅಂತ ತೋರಿಸಲು ಅದೇ ಕಾಗದ. ಇ-ಬೈಕ್ ಇದ್ದವರು ಅದನ್ನು ಮನೆಯಲ್ಲೇ ಬಿಡಿ. ಪ್ರಯಾಣಿಕರ ವಿಮಾನದಲ್ಲಿ 160 ವ್ಯಾಟ್-ಅವರ್‌ಗಿಂತ ದೊಡ್ಡ ಲಿಥಿಯಂ ಬ್ಯಾಟರಿ ಒಯ್ಯಲು ಬಿಡುವುದಿಲ್ಲ, ಮೌಂಟನ್ ಇ-ಬೈಕ್‌ನ ಬ್ಯಾಟರಿ ಅದರ ಎಷ್ಟೋ ಪಟ್ಟು.

ಪ್ರಶ್ನೆ: ಮಗನಿಗೆ 24 ವರ್ಷ. ಆಗಸ್ಟ್‌ನಲ್ಲಿ ಸೈಕಲ್ ಓಡಿಸಲು ಫ್ರಾನ್ಸಿಗೆ ಹೋಗುತ್ತೇನೆ ಅಂತಾನೆ. ವಿಡಿಯೋ ನೋಡಿದ ಮೇಲೆ ನನಗೆ ನಿದ್ದೆ ಬಂದಿಲ್ಲ. ಬೇಡ ಅಂದರೆ ಕೇಳುವುದಿಲ್ಲ. ಅವನಿಗೆ ಏನು ಹೇಳಲಿ? (ಧಾರವಾಡ)

ಉತ್ತರ: ತಾಯೀ, ಆ ವಿಡಿಯೋಗಳಲ್ಲಿ ಇರುವವರು ಅದನ್ನೇ ಕಸುಬು ಮಾಡಿಕೊಂಡವರು. ನಿಮ್ಮ ಮಗ ಆ ದಾರಿಗೆ ಹೋಗಬೇಕೆಂದಿಲ್ಲ, ಅಲ್ಲಿ ಪ್ರತಿ ದಾರಿಗೂ ಅದು ಎಷ್ಟು ಕಷ್ಟ ಅಂತ ತಿಳಿಸುವ ಬಣ್ಣದ ಗುರುತು ಇರುತ್ತದೆ. ಹಾಗಂತ ನಿಮ್ಮ ಹೆದರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ, ಇದರಲ್ಲಿ ಮೂಳೆ ಮುರಿಯುವುದು ಉಂಟು. ಬೇಡ ಅನ್ನುವ ಬದಲು ಅವನಿಂದ ಕೆಲವು ಮಾತು ತೆಗೆದುಕೊಳ್ಳಿ.

ಮೊದಲನೆಯದು ವಿಮೆ. ವೀಸಾಕ್ಕೆ 30,000 ಯೂರೋ ಮೊತ್ತದ ವಿಮೆ ಹೇಗೂ ಮಾಡಿಸಲೇಬೇಕು. ಆದರೆ ಆ ಪಾಲಿಸಿಗಳಲ್ಲಿ ಬಹಳಷ್ಟು ಸಾಹಸ ಕ್ರೀಡೆಯನ್ನು ಹೊರಗಿಡುತ್ತವೆ. ವೀಸಾ ಸಿಗುತ್ತದೆ, ಕಾಲು ಮುರಿದಾಗ ದುಡ್ಡು ಸಿಗುವುದಿಲ್ಲ. ಅವನು ವಿಮೆಯವರಿಗೆ ಮೇಲ್ ಬರೆದು, ಲಿಫ್ಟ್‌ನಲ್ಲಿ ಹೋಗಿ ಬೆಟ್ಟದ ದಾರಿಯಲ್ಲಿ ಸೈಕಲ್ ಇಳಿಯುತ್ತೇನೆ, ಇದಕ್ಕೆ ಆಸ್ಪತ್ರೆ ಖರ್ಚು, ಹೆಲಿಕಾಪ್ಟರ್ ರಕ್ಷಣೆ ಎರಡೂ ಸೇರುತ್ತದಾ ಅಂತ ಕೇಳಲಿ, ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಲಿ. ಫೋನಿನಲ್ಲಿ ಹೇಳಿದ 'ಹೌದು ಸರ್' ಲೆಕ್ಕಕ್ಕಿಲ್ಲ. ಒಂದೇ ದಿನ ಫ್ರಾನ್ಸಿನಿಂದ ಸ್ವಿಟ್ಜರ್ಲೆಂಡಿಗೆ ದಾಟಿ ಬರುವ ದಾರಿಗಳು ಅವು. ಸ್ವಿಸ್ ಕಡೆ ಬಿದ್ದರೆ ಹೆಲಿಕಾಪ್ಟರ್ ಬಿಲ್ ನಿಮ್ಮ ಮನೆಗೇ ಬರುತ್ತದೆ, ಅದು ಸಣ್ಣ ಮೊತ್ತವಲ್ಲ.

ಎರಡು, ಒಬ್ಬನೇ ಹೋಗಬಾರದು. ಎರಡೂ ದೇಶದಲ್ಲಿ ತುರ್ತಿಗೆ 112 ನಂಬರ್, ಅದು ಫೋನಿನಲ್ಲಿ ಇರಲಿ, ರಕ್ತದ ಗುಂಪು ಬರೆದ ಚೀಟಿ ಜೇಬಿನಲ್ಲಿ ಇರಲಿ. ಮೂರು, ತಲೆಗೆ ಪೆಟ್ಟು ಬಿದ್ದರೆ, ಏನೂ ಆಗಿಲ್ಲ ಅನ್ನಿಸಿದರೂ, ಅವತ್ತಿಗೆ ಸೈಕಲ್ ಬಂದ್. ತಲೆ ಸುತ್ತು, ವಾಂತಿ, ಮಂಪರು ಬಂದರೆ ನೇರ ಡಾಕ್ಟರ್. ಆ ಹೆಲ್ಮೆಟ್ ಮತ್ತೆ ತಲೆಗೆ ಬೇಡ, ಒಳಗಿನ ಫೋಮ್ ಒಂದು ಪೆಟ್ಟಿಗೆ ಮಾತ್ರ. ದಿನಾ ಸಂಜೆ ಲಿಫ್ಟ್ ಮುಚ್ಚಿದ ಮೇಲೆ ನಿಮಗೆ ಒಂದು ಮೆಸೇಜ್ ಹಾಕುವುದು ನಾಲ್ಕನೆಯದು. ಅದನ್ನು ನಾನೇ ಸೇರಿಸಿದ್ದೇನೆ, ನನ್ನ ಅಮ್ಮನಿಗೂ ನಿದ್ದೆ ಬರುತ್ತಿರಲಿಲ್ಲ.

ಪ್ರಶ್ನೆ: ವಿಮಾನ ಇಳಿಯುವುದು ಜಿನೀವಾದಲ್ಲಿ, ಉಳಿಯುವುದು ಫ್ರಾನ್ಸಿನಲ್ಲಿ. ವೀಸಾ ಯಾವ ದೇಶದ್ದು? (ಹುಬ್ಬಳ್ಳಿ)

ಉತ್ತರ: ಜಾಸ್ತಿ ರಾತ್ರಿ ಎಲ್ಲಿ ಕಳೆಯುತ್ತೀರೋ ಆ ದೇಶದ್ದು, ಅಂದರೆ ಫ್ರಾನ್ಸ್. ಎರಡೂ ಷೆಂಗೆನ್ ಒಪ್ಪಂದದಲ್ಲಿ ಇರುವುದರಿಂದ ಒಂದೇ ವೀಸಾ ಸಾಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನ ಮುಂಚಿನ ತನಕ. ಆದರೆ 15 ದಿನದ ತನಕ ಕಾಯಬೇಡಿ, ನಮ್ಮ ಬೇಸಿಗೆ ರಜೆಯ ಹೊತ್ತಿಗೆ ಸ್ಲಾಟ್ ಸಿಗುವುದೇ ಕಷ್ಟ. ಬೆಂಗಳೂರಿನಲ್ಲೇ ಅರ್ಜಿ ಕೊಡಬಹುದು. ಜಿನೀವಾದಿಂದ ಮೊರ್ಜೀನ್ ಸುಮಾರು 80 ಕಿ.ಮೀ., ಸೈಕಲ್ ಡಬ್ಬ ಇದ್ದರೆ ವ್ಯಾನ್ ಬುಕ್ ಮಾಡುವಾಗಲೇ ಹೇಳಿ. ಬೆಟ್ಟದಲ್ಲಿ ಗಡಿ ದಾಟುವಾಗ ಯಾರೂ ಕೇಳದಿದ್ದರೂ ಪಾಸ್‌ಪೋರ್ಟ್ ಬ್ಯಾಗಿನಲ್ಲಿರಲಿ, ಪ್ಲಾಸ್ಟಿಕ್ ಕವರಿನಲ್ಲಿ.

ಪ್ರಶ್ನೆ: ನನಗೆ 46. ಎರಡು ವರ್ಷದಿಂದ ಮೌಂಟನ್ ಬೈಕ್ ಓಡಿಸುತ್ತಿದ್ದೇನೆ. ಗುಂಪಿನಲ್ಲಿ ಎಲ್ಲರೂ ನನಗಿಂತ ಚಿಕ್ಕವರು, ವೇಗದವರು. ನಾನು ಹೋದರೆ ಅವರಿಗೆ ಹೊರೆಯಾಗುತ್ತೇನೆ ಅನ್ನಿಸುತ್ತದೆ. ಹೋಗಬಹುದಾ? (ಮಂಗಳೂರು)

ಉತ್ತರ: ಖಂಡಿತ ಹೋಗಿ. ಈ ಪತ್ರ ಓದಿ ನನಗೆ ತುಂಬ ಖುಷಿಯಾಯಿತು. ಲಿಫ್ಟ್ ಇರುವ ಬೆಟ್ಟದ ಒಳ್ಳೇ ಗುಣವೇ ಇದು, ಅಲ್ಲಿ ಯಾರೂ ಯಾರಿಗೂ ಹೊರೆಯಲ್ಲ. ಅವರು ಅವರ ದಾರಿಯಲ್ಲಿ ಇಳಿಯಲಿ, ನೀವು ನಿಮ್ಮ ದಾರಿಯಲ್ಲಿ ಇಳಿಯಿರಿ, ಎಲ್ಲರೂ ಸಿಗುವುದು ಅದೇ ಲಿಫ್ಟ್ ಬುಡದಲ್ಲಿ.

ಯುರೋಪಿನಲ್ಲಿ ದಾರಿಗಳಿಗೆ ನಾಲ್ಕು ಬಣ್ಣ. ಹಸಿರು ಅತಿ ಸುಲಭ, ಆಮೇಲೆ ನೀಲಿ, ಕೆಂಪು, ಕಪ್ಪು. ನೀಲಿ ಅಂದ ತಕ್ಷಣ ಸಣ್ಣದು ಅಂದುಕೊಳ್ಳಬೇಡಿ, ಆಲ್ಪ್ಸ್‌ನ ನೀಲಿ ದಾರಿ ನಮ್ಮಲ್ಲಿ ಬಹಳ ಜನ ಓಡಿಸುವ ಯಾವ ದಾರಿಗಿಂತಲೂ ಉದ್ದ, ಕಡಿದು. ನೀವು ಮೊರ್ಜೀನ್ ಬದಲು ಪಕ್ಕದ ಲೆ ಜೆ ಊರಿನಲ್ಲಿ ಉಳಿಯಿರಿ. ಅಲ್ಲಿಯ ಶವಾನ್ ಕಡೆಯ ಹಸಿರು, ನೀಲಿ ದಾರಿಗಳು ಕಲಿಯುವವರಿಗೆ ಹೇಳಿ ಮಾಡಿಸಿದ ಹಾಗಿವೆ. ಎದುರಿಗೇ ಮೊಂ ಶೆರಿ ಬೆಟ್ಟ, ಅದು ಕಡಿದು, ಅದನ್ನು ಮುಂದಿನ ವರ್ಷಕ್ಕೆ ಇಡಿ. 2004ರಲ್ಲೂ 2022ರಲ್ಲೂ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಶಿಪ್ ನಡೆದ ಊರು ಲೆ ಜೆ, ಅಂಥ ಊರಲ್ಲೇ ಐದಾರು ವರ್ಷದ ಮಕ್ಕಳು ಅಪ್ಪ ಅಮ್ಮನ ಹಿಂದೆ ಹಸಿರು ದಾರಿಯಲ್ಲಿ ಇಳಿಯುವುದನ್ನು ನೋಡುತ್ತೀರಿ.

ಮೊದಲ ಎರಡು ದಿನ ಒಬ್ಬ ತರಬೇತುದಾರರನ್ನು ಗೊತ್ತುಮಾಡಿಕೊಳ್ಳಿ. ಫ್ರಾನ್ಸಿನಲ್ಲಿ ದುಡ್ಡು ತೆಗೆದುಕೊಂಡು ಕಲಿಸುವವರಿಗೆ ಕಾನೂನಿನ ಪ್ರಕಾರ ಅರ್ಹತಾ ಪತ್ರ ಇರಬೇಕು, ಅದನ್ನು ಕೇಳಲು ಸಂಕೋಚ ಬೇಡ. ದುಬಾರಿ ಅನ್ನಿಸಬಹುದು. ಹೊಸ ಸಾಮಾನಿಗೆ ಇಟ್ಟ ದುಡ್ಡಿನಲ್ಲಿ ಅರ್ಧ ಇದಕ್ಕೆ ಹಾಕಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕಷ್ಟದ ತಿರುವು ಬಂದರೆ ಇಳಿದು, ದಾರಿಯ ಅಂಚಿಗೆ ಸರಿದು, ಸೈಕಲ್ ತಳ್ಳಿಕೊಂಡು ಹೋಗಿ. ದಾರಿಯ ನಡುವೆ ಮಾತ್ರ ನಿಲ್ಲಬೇಡಿ, ಹಿಂದಿನಿಂದ ಬರುವವರಿಗೆ ಕಾಣುವುದಿಲ್ಲ. ಹಿಂದಿನವರು ವೇಗವಾಗಿ ಬಂದರೆ ಅಗಲವಾದ ಜಾಗ ಬಂದಾಗ ಬಿಡಿ, ಅವಸರಕ್ಕೆ ಬಿದ್ದು ಅಲ್ಲೇ ಪೊದೆಗೆ ನುಗ್ಗಬೇಕಾಗಿಲ್ಲ, ಕಾಯುವುದು ಅವರ ಕೆಲಸ.

ಪ್ರಶ್ನೆ: ಮಲೆನಾಡಿನ ಮಳೆ ಕಂಡವರಿಗೆ ಅಲ್ಲಿಯ ಮಳೆ ಏನು ಮಹಾ? ರೇನ್‌ಕೋಟ್ ಹೊರೆ ಬೇಕಾ? (ಚಿಕ್ಕಮಗಳೂರು)

ಉತ್ತರ: ಬೇಕು. ನಮ್ಮ ಮಳೆ ದೊಡ್ಡದೇ, ಆದರೆ ಅದು ಇಷ್ಟು ತಣ್ಣಗಿರುವುದಿಲ್ಲ. ಫ್ರಾನ್ಸ್ ಸ್ವಿಸ್ ಗಡಿಯ ಆ ಏಣು 2,200 ಮೀಟರ್ ದಾಟುತ್ತದೆ, ನಿಮ್ಮ ಮುಳ್ಳಯ್ಯನಗಿರಿ 1,930. ಬೆಳಿಗ್ಗೆ ಊರಲ್ಲಿ ಬಿಸಿಲು, ಮಧ್ಯಾಹ್ನ ಮೇಲೆ ಗುಡುಗು ಮಳೆ, ಹತ್ತೇ ನಿಮಿಷದಲ್ಲಿ ಬೆರಳು ಮರಗಟ್ಟುತ್ತದೆ. ಬೆರಳು ಮರಗಟ್ಟಿದರೆ ಬ್ರೇಕ್ ಇಲ್ಲ. ಗುಡುಗು ಕೇಳಿದ ಕೂಡಲೇ ಏಣು ಬಿಟ್ಟು ಕೆಳಗಿಳಿಯಿರಿ, ಲಿಫ್ಟ್‌ಗಳನ್ನೂ ಆಗ ನಿಲ್ಲಿಸುತ್ತಾರೆ.

ಮೊರ್ಜೀನ್ ಮಣ್ಣು ಒದ್ದೆಯಾದರೆ ಜಿಗಟು ಜೇಡಿ, ಬೇರುಗಳು ಪಾಚಿಕಟ್ಟಿದ ಕಲ್ಲಿನ ಹಾಗೆ ಜಾರುತ್ತವೆ. ಬೇರಿನ ಮೇಲೆ ಬ್ರೇಕ್ ಹಾಕಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ನೇರ ದಾಟಿ. ಗಡಿಯಾಚೆಯ ಶಾಂಪೆರಿಯಲ್ಲಿ 2011ರ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಇಂಥದೇ ಮಳೆ. ಬ್ರಿಟನ್ನಿನ ಡ್ಯಾನಿ ಹಾರ್ಟ್ ಆ ಕೆಸರಿನಲ್ಲಿ ಎರಡನೆಯವನಿಗಿಂತ 11 ಸೆಕೆಂಡಿಗೂ ಜಾಸ್ತಿ ಮುಂದೆ ಇಳಿದು ಗೆದ್ದ. ಅದರ ವಿಡಿಯೋ ನೋಡಿ, ಸೈಕಲ್ ಜಾರುತ್ತಿದ್ದರೂ ಅವನ ಮೈ ಎಷ್ಟು ಸಡಿಲವಾಗಿದೆ ಅನ್ನುವುದನ್ನು ಗಮನಿಸಿ. ಆ ದಾರಿಗೆ ಮಾತ್ರ ಹೋಗಬೇಡಿ.

ಮಳೆಯ ದಿನ ಇನ್ನೊಂದು ಅಪಾಯ ಇದೆ. ಗಡಿಯಾಚೆ ಇಳಿದು, ವಾಪಸ್ ಬರುವ ಕೊನೆಯ ಲಿಫ್ಟ್ ತಪ್ಪಿಸಿಕೊಂಡರೆ ನೀವು ಬೇರೆ ಕಣಿವೆಯಲ್ಲಿ ಸಿಕ್ಕಿಬಿದ್ದ ಹಾಗೆ. ಬೆಟ್ಟವನ್ನು ಪೆಡಲ್ ತುಳಿದು ಹತ್ತಬೇಕು, ಇಲ್ಲವೇ ಸುತ್ತು ರಸ್ತೆಯಲ್ಲಿ ಟ್ಯಾಕ್ಸಿಗೆ ದುಡ್ಡು ಸುರಿಯಬೇಕು. ಪ್ರತಿ ಲಿಫ್ಟ್ ಮುಚ್ಚುವ ಹೊತ್ತು ಬೇರೆ ಬೇರೆ, ಬೆಳಿಗ್ಗೆಯೇ ಬೋರ್ಡಿನ ಫೋಟೋ ತೆಗೆದುಕೊಳ್ಳಿ. ಜುಲೈನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು ಇರುವುದರಿಂದ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಪ್ರಶ್ನೆ: ನಾನು ಶುದ್ಧ ಸಸ್ಯಾಹಾರಿ. ಮೊಟ್ಟೆಯನ್ನೂ ತಿನ್ನುವುದಿಲ್ಲ. ಏಳು ದಿನ ಏನು ತಿನ್ನಲಿ? (ಶಿರಸಿ)

ಉತ್ತರ: ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ, ಅರ್ಧ ಚಿಂತೆ ಹೋಯಿತು. ಅಕ್ಕಿ, ತೊಗರಿಬೇಳೆ, ಅವಲಕ್ಕಿ, ರವೆ, ಚಟ್ನಿಪುಡಿ ಒಯ್ಯಿರಿ. ಹಾಲಿನ ಪದಾರ್ಥ ಮಾತ್ರ ಬೇಡ. ಹೊರಗಿನ ದೇಶದಿಂದ ಹಾಲು, ಮಾಂಸದ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಹಾಗಾಗಿ ತುಪ್ಪದ ಡಬ್ಬ, ಪೇಢ ಬಿಟ್ಟು ಹೋಗಿ, ಹಸಿ ಕರಿಬೇವೂ ಬೇಡ. ತರಕಾರಿ, ಮೊಸರು, ಬ್ರೆಡ್ಡು ಅಲ್ಲಿಯ ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತದೆ.

ಹೊರಗೆ ತಿನ್ನುವಾಗ ಎರಡು ತಿಂಡಿ ನೆನಪಿಡಿ. ತಾರ್ತಿಫ್ಲೆತ್ ಅಂತ ಆಲೂಗಡ್ಡೆ, ಚೀಸ್‌ನದು ಬರುತ್ತದೆ, ನೋಡಲು ಸಸ್ಯಾಹಾರದ ಹಾಗೇ ಕಾಣುತ್ತದೆ, ಒಳಗೆ ಹಂದಿ ಮಾಂಸದ ಸಣ್ಣ ತುಂಡು ಇರುತ್ತದೆ. ಕಾಯಿಸಿದ ಚೀಸ್‌ನ ಫಾಂದ್ಯುವಿನಲ್ಲಿ ಬಿಳಿ ವೈನ್ ಹಾಕುತ್ತಾರೆ. ಆ ಭಾಗದ ಸಾಂಪ್ರದಾಯಿಕ ಚೀಸ್‌ಗಳನ್ನು ಮಾಡುವಾಗ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ನಿಮಗೆ ಅದು ನಡೆಯುತ್ತದೋ ಇಲ್ಲವೋ ನೀವೇ ನೋಡಿಕೊಳ್ಳಿ. ಬರೀ ಸಲಾಡ್ ತಿಂದು ಸೈಕಲ್ ಹತ್ತಬೇಡಿ. ಇಳಿಯುವುದಕ್ಕೂ ಮೈಗೆ ಶಕ್ತಿ ಬೇಕು, ಹಸಿದಾಗ ಮೊದಲು ಕೆಡುವುದು ಗಮನ. ಬೆಳಿಗ್ಗೆ ಹೊಟ್ಟೆ ತುಂಬ ಉಪ್ಪಿಟ್ಟು, ಜೇಬಿನಲ್ಲಿ ಶೇಂಗಾ ಚಿಕ್ಕಿ, ಸಾಕು.

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿ ಇರುವ ಕನ್ನಡಿಗರು. ನಮಗೆ ಫ್ರಾನ್ಸ್ ದೂರ, ಆಸ್ಟ್ರಿಯಾ ಹತ್ತಿರ. ಅಲ್ಲಿ ಹೇಗೆ? (ಮ್ಯೂನಿಕ್, ಜರ್ಮನಿ)

ಉತ್ತರ: ಬಹಳ ಚೆನ್ನಾಗಿದೆ. ಲಿಯೊಗಾಂಗ್, ಸಾಲ್‌ಬಾಖ್ ಎರಡೂ ನಿಮಗೆ ಕಾರಿನಲ್ಲಿ ವಾರಾಂತ್ಯದ ದೂರ. ಲಿಯೊಗಾಂಗ್‌ನಲ್ಲಿ 2012, 2020ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದಿದೆ. ಒಂದು ಎಚ್ಚರ ಮಾತ್ರ. ಆಸ್ಟ್ರಿಯಾದಲ್ಲಿ ಕಾಡಿನ ರಸ್ತೆ ಕಂಡ ಕೂಡಲೇ ಸೈಕಲ್ ನುಗ್ಗಿಸುವ ಹಾಗಿಲ್ಲ, ಸೈಕಲ್‌ಗೆ ತೆರೆದಿದೆ ಅಂತ ಬೋರ್ಡ್ ಇದ್ದರೆ ಮಾತ್ರ. ಅದು 1975ರ ಅರಣ್ಯ ಕಾನೂನು. ಜರ್ಮನ್ ಆಲ್ಪೈನ್ ಕ್ಲಬ್‌ನ ಸದಸ್ಯರಾದರೆ ಬೆಟ್ಟದಲ್ಲಿ ಹುಡುಕಾಟ, ರಕ್ಷಣೆಯ ಖರ್ಚಿನ ವಿಮೆ ಅದರಲ್ಲೇ ಬರುತ್ತದೆ, ನಿಮಗೆ ಅನುಕೂಲ. ಹುಲ್ಲುಗಾವಲಿನಲ್ಲಿ ಗಂಟೆ ಕಟ್ಟಿದ ಹಸುಗಳು ದಾರಿಗೆ ಅಡ್ಡ ಬಂದರೆ ನಿಧಾನಿಸಿ, ದಾಟಿದ ಗೇಟನ್ನು ಮತ್ತೆ ಹಾಕಿ. ಫ್ರಾನ್ಸ್ ಕಡೆ ಹೋದಾಗ ಕುರಿ ಹಿಂಡಿನ ಜೊತೆ ಪಾತು ಅನ್ನುವ ದೊಡ್ಡ ಬಿಳಿ ನಾಯಿಗಳು ಕಾಣುತ್ತವೆ. ಅವು ಸಾಕಿದ ನಾಯಿಯಲ್ಲ ಅಂದುಕೊಳ್ಳಿ, ಕಾವಲಿನವು. ಸೈಕಲ್‌ನಿಂದ ಇಳಿದು, ಸೈಕಲ್ಲನ್ನು ನಿಮಗೂ ನಾಯಿಗೂ ನಡುವೆ ಇಟ್ಟುಕೊಂಡು, ಹಿಂಡನ್ನು ಸುತ್ತಿ ನಿಧಾನ ನಡೆದು ಹೋಗಿ.

ಪ್ರಶ್ನೆ: ಯುರೋಪಿನ ಖರ್ಚು ನನಗೆ ಆಗುವುದಿಲ್ಲ. ನೇಪಾಳದ ಮುಕ್ತಿನಾಥಕ್ಕೆ ಸೈಕಲ್‌ನಲ್ಲಿ ಹೋಗುವ ಆಸೆ. ಹೊಸಬನಿಗೆ ಆಗುತ್ತದಾ? (ಉಡುಪಿ)

ಉತ್ತರ: ಆಗುತ್ತದೆ. ಹತ್ತುವುದನ್ನು ಪ್ರೀತಿಸುವವರಿಗೆ ನಾನು ಅದನ್ನೇ ಮೊದಲು ಹೇಳುವುದು. ನಮಗೆ ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಸಾಕು, ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರ್ಮಿಟ್ ಮಾತ್ರ ಮಾಡಿಸಬೇಕು. ಆದರೆ ಅಲ್ಲಿಯ ಕಷ್ಟವೇ ಬೇರೆ. ಆಲ್ಪ್ಸ್‌ನಲ್ಲಿ ಕೈ, ಅಲ್ಲಿ ಉಸಿರು. ಪೋಖರಾ ಸುಮಾರು 820 ಮೀಟರ್, ಜೊಮ್‌ಸೊಮ್ 2,700ರ ಮೇಲೆ, ಸಣ್ಣ ವಿಮಾನ ನಿಮ್ಮನ್ನು ಅರ್ಧ ಗಂಟೆಯೊಳಗೆ ಅಷ್ಟು ಎತ್ತರಕ್ಕೆ ಎಸೆದುಬಿಡುತ್ತದೆ. ಮುಕ್ತಿನಾಥ 3,700 ದಾಟುತ್ತದೆ. ಜೊಮ್‌ಸೊಮ್‌ನಲ್ಲಿ ಇಳಿದ ದಿನವೇ ಮುಕ್ತಿನಾಥಕ್ಕೆ ಹೊರಡಬೇಡಿ. ಮೊದಲ ರಾತ್ರಿ ಮಾರ್ಫಾದಲ್ಲಿ, ಮರುದಿನ ಕಾಗ್‌ಬೇಣಿಯಲ್ಲಿ ಉಳಿದು, ಆಮೇಲೆ ಹತ್ತಿ. ತಲೆನೋವು, ವಾಕರಿಕೆ ಶುರುವಾದರೆ ಇನ್ನೂ ಮೇಲೆ ಹೋಗಬಾರದು, ಕಡಿಮೆಯಾಗದಿದ್ದರೆ ಕೆಳಗಿಳಿಯಬೇಕು. ದೇವರ ದರ್ಶನಕ್ಕೆ ಇನ್ನೊಂದು ದಿನ ತಡವಾದರೆ ಏನೂ ಆಗುವುದಿಲ್ಲ.

ಗಾಳಿ ಇನ್ನೊಂದು. ನಮ್ಮ ಮನೆಗಳ ಪೂಜೆಯಲ್ಲಿ ಇರುವ ಸಾಲಿಗ್ರಾಮ ಬರುವುದು ಅದೇ ಕಾಳಿ ಗಂಡಕಿ ನದಿಯಿಂದ. ಆ ಕಣಿವೆಯಲ್ಲಿ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ದಕ್ಷಿಣದಿಂದ ಗಾಳಿ ಏಳುತ್ತದೆ, ಮರಳು ಮುಖಕ್ಕೆ ಹೊಡೆಯುತ್ತದೆ. ಮೇಲೆ ಹೋಗುವಾಗ ಅದು ಬೆನ್ನಿಗೆ, ವಾಪಸ್ ಬರುವಾಗ ಎದುರಿಗೆ. ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕಾಗುತ್ತದೆ. ಹಾಗಾಗಿ ವಾಪಸ್ ಬರುವ ದಿನ ಬೆಳಕು ಹರಿಯುವಾಗಲೇ ಹೊರಟು ಹನ್ನೊಂದರೊಳಗೆ ಮಾರ್ಫಾ ದಾಟಿ. ಮುಕ್ತಿನಾಥದಿಂದ ಲುಬ್ರಾ ಹಳ್ಳಿಯ ಕಡೆ ಇಳಿಯುವ ಕಾಲುದಾರಿಗೆ ಸೈಕಲ್ ಸವಾರರು ಹಾತೊರೆಯುತ್ತಾರೆ, ಅದು ಕಡಿದು, ಸಡಿಲ ಕಲ್ಲು. ಮೊದಲ ಸಲ ಹೋಗುವ ನೀವು ಜೀಪ್ ರಸ್ತೆಯಲ್ಲೇ ಬನ್ನಿ. ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ, ಬೆಟ್ಟ ಚೆನ್ನಾಗಿ ಕಾಣುತ್ತದೆ. ವಿಮೆ ತೆಗೆದುಕೊಳ್ಳುವಾಗ ಎಷ್ಟು ಮೀಟರ್ ಎತ್ತರದವರೆಗೆ ಅನ್ವಯಿಸುತ್ತದೆ ಅಂತ ಕೇಳಿ, ಕೆಲವು ಪಾಲಿಸಿ 3,000ಕ್ಕೇ ನಿಂತುಬಿಡುತ್ತವೆ. ಕಣ್ಣಿಗೆ ಗಾಗಲ್ಸ್, ಮುಖಕ್ಕೆ ಒಂದು ತೆಳು ಬಟ್ಟೆ ಮರೆಯಬೇಡಿ. ಹೋಗಿ ಬಂದ ಮೇಲೆ ಗಾಳಿ ಎಷ್ಟು ಗಂಟೆಗೆ ಎದ್ದಿತು ಅಂತ ಬರೆದು ತಿಳಿಸಿ, ಮುಂದೆ ಕೇಳುವವರಿಗೆ ನಿಮ್ಮ ಹೆಸರು ಹೇಳಿಯೇ ಉತ್ತರ ಕೊಡುತ್ತೇನೆ.